ಒಂದೇ ವರ್ಷದಾಗ ಎರಡು ಸೀಸನ್: ಹುಡುಗರ ಮೈ ತಾಳೀತೇ?

ಆಟ ನಿಂತರೆ ಆದಾಯಕ್ಕೆ ಕತ್ತರಿ, ಆಡಿದರೆ ಹುಡುಗರ ಜೀವಕ್ಕೆ ಅಂಜಿಕೆ. ಕೊರೊನಾ ಕಾಲದಲ್ಲಿ ಅಮೆರಿಕದ ಕಾಲೇಜುಗಳು ಇಂಥ ಇಕ್ಕಟ್ಟಿಗೆ ಸಿಕ್ಕಿದ್ದವು. 2020ರ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದ ಫುಟ್‌ಬಾಲ್ ಸೀಸನ್ನನ್ನು 2021ರ ವಸಂತದಲ್ಲಿ ಆಡಿಸಬೇಕೋ ಬೇಡವೋ ಎಂಬ ಚರ್ಚೆ ಆಗ ಜೋರಾಗಿಯೇ ನಡೆದಿತ್ತು.

ಇಲ್ಲಿ ಫುಟ್‌ಬಾಲ್ ಅಂದ್ರೆ ನಮ್ಮ ಕಾಲ್ಚೆಂಡಾಟ ಅಲ್ಲ. ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್ ಹಾಕಿಕೊಂಡು ಎದುರಾಳಿಗೆ ಡಿಕ್ಕಿ ಹೊಡೆಯುತ್ತ ಮುನ್ನುಗ್ಗುವ ಆಟ. ಸೀಸನ್ ಮುಗಿದ ಮೇಲೆ ಪೆಟ್ಟು ಮಾಯಲು ತಿಂಗಳುಗಟ್ಟಲೆ ಬಿಡುವು ಬೇಕು.

ಕೋಚ್ ಕೊಟ್ಟ ಲೆಕ್ಕ

2020ರ ಆಗಸ್ಟ್ 11ರಂದು ಬಿಗ್ ಟೆನ್, ಪ್ಯಾಕ್-12 ಎಂಬ ಎರಡು ದೊಡ್ಡ ಒಕ್ಕೂಟಗಳು ಆಟ ಮುಂದೂಡಿದವು. ಸೋಂಕಿನಿಂದ ಹೃದಯದ ಸ್ನಾಯುವಿಗೂ ಬಾವು ಬಂದೀತೆಂಬ ಭಯವಿತ್ತು. ಅದೇ ತಿಂಗಳು ಪರ್ಡ್ಯೂ ವಿಶ್ವವಿದ್ಯಾಲಯದ ಕೋಚ್ ಜೆಫ್ ಬ್ರಾಮ್ ಒಂದು ಯೋಜನೆ ಮುಂದಿಟ್ಟರು. ವಸಂತದಲ್ಲಿ ಎಂಟೇ ಪಂದ್ಯ ಆಡಿಸಿ, ಮುಂದಿನ ಸೀಸನ್ನನ್ನು ಅಕ್ಟೋಬರ್‌ಗೆ ತಳ್ಳಿ, ಅದರಲ್ಲೂ ಪಂದ್ಯ ಕಡಿಮೆ ಮಾಡಿ ಎಂಬುದು ಅದರ ಸಾರ. ಆದರೆ ದಿನವೂ ಟೆಸ್ಟ್ ಮಾಡಿಸುವ ಅನುಕೂಲ ಸಿಕ್ಕಿದ್ದೇ ತಡ, ಎರಡೂ ಒಕ್ಕೂಟಗಳು ಸೆಪ್ಟೆಂಬರ್‌ನಲ್ಲಿ ಮನಸ್ಸು ಬದಲಿಸಿ ಆ ವರ್ಷವೇ ಆಡಿದವು.

ವಸಂತದ ಸೀಸನ್ ಉಳಿದದ್ದು ಎಫ್‌ಸಿಎಸ್ ಎಂಬ ಎರಡನೇ ಸ್ತರದ ತಂಡಗಳಿಗೆ. 2021ರ ಫೆಬ್ರುವರಿಯಲ್ಲಿ ಆಟ ಶುರುವಾಯ್ತು. ಪ್ಲೇಆಫ್ ತಂಡಗಳು 24ರಿಂದ 16ಕ್ಕೆ ಇಳಿದವು. ಐವಿ ಲೀಗ್, ಮೊಂಟಾನಾ ಸ್ಟೇಟ್ ಮುಂತಾದವು ಆಡಲೇ ಇಲ್ಲ.

ಮೊಣಕಾಲಿಗೆ ಬಿದ್ದ ಬೆಲೆ

ಮೇ 16ರ ಫೈನಲ್‌ನಲ್ಲಿ ಸ್ಯಾಮ್ ಹ್ಯೂಸ್ಟನ್ ತಂಡ ಸೌತ್ ಡಕೋಟಾ ಸ್ಟೇಟ್ ತಂಡವನ್ನು 23-21ರಿಂದ ಮಣಿಸಿತು. ಸೋತ ತಂಡದ ಕ್ವಾರ್ಟರ್‌ಬ್ಯಾಕ್ ಮಾರ್ಕ್ ಗ್ರೋನೋವ್‌ಸ್ಕಿಗೆ ಪಂದ್ಯದ ಶುರುವಿನಲ್ಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ವಾಡಿಕೆಯಂತೆ ಫೈನಲ್ ಜನವರಿಯಲ್ಲಿ ನಡೆದಿದ್ದರೆ ಸುಧಾರಿಸಿಕೊಳ್ಳಲು ಸುಮಾರು ಎಂಟು ತಿಂಗಳು ಸಿಗುತ್ತಿತ್ತು. ಸಿಕ್ಕಿದ್ದು ಮೂರೂವರೆ ತಿಂಗಳು. 2021ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸೀಸನ್ ಪೂರ್ತಿ ಕೈತಪ್ಪಿತು. ಮರಳಿ ಬಂದು 2022, 2023ರ ಸೀಸನ್‌ಗಳಲ್ಲಿ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟರು ಅನ್ನೋದು ಬೇರೆ ಮಾತು.

ಅದೇ ಡಿಸೆಂಬರ್‌ನ ಪ್ಲೇಆಫ್‌ನಲ್ಲಿ, ವಸಂತದ ಫೈನಲ್ ಆಡಿದ್ದ ಎರಡೂ ತಂಡಗಳನ್ನು ಸೋಲಿಸಿದ್ದು ವಸಂತದಲ್ಲಿ ವಿಶ್ರಾಂತಿ ಪಡೆದಿದ್ದ ಮೊಂಟಾನಾ ಸ್ಟೇಟ್. ಹಾಗಂತ ದಣಿವೇ ಕಾರಣ ಅಂತ ಖಚಿತವಾಗಿ ಹೇಳಲು ಬರೋದಿಲ್ಲ. ವಸಂತದಲ್ಲೂ ಆಡಿದ್ದ ನಾರ್ತ್ ಡಕೋಟಾ ಸ್ಟೇಟ್ 2022ರ ಜನವರಿಯಲ್ಲಿ ಇದೇ ಮೊಂಟಾನಾ ತಂಡವನ್ನು ಸೋಲಿಸಿ ಪ್ರಶಸ್ತಿ ಎತ್ತಿತು.

ಅರ್ಧ ಮಾತು ಮಾತ್ರ ಜಾರಿ

ಹಿಂಗಾರಿ ಪೀಕು ತೆಗೆದ ಹೊಲಕ್ಕೂ ರೈತ ನಾಲ್ಕು ದಿನ ಬಿಡುವು ಕೊಡ್ತಾನೆ. ವಸಂತದಲ್ಲಿ ಆಡಿಸಿದ್ದೇ ತಪ್ಪು ಅನ್ನಲಾಗದು. ಕೊನೇ ವರ್ಷದ ಹುಡುಗರಿಗೆ ಅದೊಂದು ಅವಕಾಶ. ಆ ಸೀಸನ್ ಆಟಗಾರರ ಅರ್ಹತೆಯ ವರ್ಷಗಳ ಲೆಕ್ಕಕ್ಕೆ ಬರದಂತೆ ಎನ್‌ಸಿಎಎ ರಿಯಾಯಿತಿಯನ್ನೂ ಕೊಟ್ಟಿತ್ತು. ಆದರೆ ವಸಂತದ ಪಂದ್ಯ ಕಡಿಮೆ ಮಾಡಿದವರು ಮುಂದಿನ ಸೀಸನ್ ಮುಂದೆ ಹಾಕಲಿಲ್ಲ, ಅದರ ಪಂದ್ಯಗಳಿಗೂ ಕತ್ತರಿ ಹಾಕಲಿಲ್ಲ. ಬ್ರಾಮ್ ಲೆಕ್ಕದ ಈ ಉಳಿದರ್ಧವೇ ಹುಡುಗರಿಗೆ ಹೆಚ್ಚು ಬೇಕಾಗಿತ್ತು.