ಒಂದೇ ಗೋಳದಿಂದ ಎದ್ದ ಛಾವಣಿ

ಕಟ್ಟಡದ ರೂಪ ಗೊತ್ತುಮಾಡುವವರು ವಿನ್ಯಾಸಕಾರರು. ಅದು ಬೀಳದಂತೆ ನಿಲ್ಲಿಸುವವರು ಇಂಜಿನಿಯರುಗಳು. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರದು ಶುರುವಾಗಬೇಕೋ, ಇಬ್ಬರೂ ಮೊದಲಿನಿಂದಲೇ ಜೊತೆಗೆ ಕೂರಬೇಕೋ? ಈ ಪ್ರಶ್ನೆಗೆ ಆಸ್ಟ್ರೇಲಿಯಾದ ಸಿಡ್ನಿ ಆಪೆರಾ ಹೌಸ್‌ನಷ್ಟು ದುಬಾರಿಯಾಗಿ ಉತ್ತರ ಕಂಡುಕೊಂಡ ಕಟ್ಟಡ ಅಪರೂಪ.

ಅದರ ವಿನ್ಯಾಸಕ್ಕಾಗಿ ನಡೆದ ಸ್ಪರ್ಧೆಗೆ 233 ನಕ್ಷೆಗಳು ಬಂದಿದ್ದವು. 1957ರಲ್ಲಿ ಗೆದ್ದವರು ಡೆನ್ಮಾರ್ಕಿನ ವಾಸ್ತುಶಿಲ್ಪಿ ಯೋರ್ನ್ ಉಟ್ಜಾನ್. ಬಂದರಿನ ನೀರಿಗೆ ಚಾಚಿಕೊಂಡ ನೆಲದ ತುದಿಯಲ್ಲಿ, ಗಾಳಿ ತುಂಬಿದ ಹಾಯಿಗಳಂತೆ ಎದ್ದ ಕಾಂಕ್ರೀಟ್ ಚಿಪ್ಪುಗಳ ಚಿತ್ರ ಅದು. ಚಿತ್ರ ಸೊಗಸಾಗಿತ್ತು, ಆದರೆ ಕೈಯಿಂದ ಎಳೆದ ಆ ಬಾಗುಗಳಿಗೆ ಗಣಿತದ ಸೂತ್ರವಿರಲಿಲ್ಲ. ಸೂತ್ರವಿಲ್ಲದಿದ್ದರೆ ಭಾರ, ಗಾಳಿಯ ಒತ್ತಡಗಳನ್ನು ಲೆಕ್ಕಹಾಕುವುದು ಕಷ್ಟ. ಒಂದೊಂದು ಚಿಪ್ಪಿನ ಬಾಗೂ ಬೇರೆಯಾದರೆ ಒಂದೊಂದಕ್ಕೂ ಬೇರೆ ಸೆಂಟ್ರಿಂಗ್ ಕಟ್ಟಬೇಕಾಗುತ್ತದೆ.

ಛಾವಣಿಯ ರೂಪವೇ ಇತ್ಯರ್ಥವಾಗುವ ಮೊದಲು, 1959ರಲ್ಲಿ, ಸರ್ಕಾರದ ಅವಸರಕ್ಕೆ ಕೆಲಸ ಶುರುವಾಯಿತು. ಮೇಲೆ ಎಷ್ಟು ಭಾರ ಬರುತ್ತದೆಂದು ತಿಳಿಯದೆ ಎಬ್ಬಿಸಿದ ಕಂಬಗಳನ್ನು ಮುಂದೆ ಒಡೆದು ಮತ್ತೆ ಕಟ್ಟಬೇಕಾಯಿತು. ಇದರ ಹೊಣೆಯನ್ನು ವಾಸ್ತುಶಿಲ್ಪಿಯ ಮೇಲಾಗಲಿ ಇಂಜಿನಿಯರುಗಳ ಮೇಲಾಗಲಿ ಹೊರಿಸುವುದು ನ್ಯಾಯವಲ್ಲ.

ಇಂಜಿನಿಯರಿಂಗ್ ಹೊಣೆ ಲಂಡನ್ನಿನ ಓವ್ ಅರಪ್ ಅವರ ಸಂಸ್ಥೆಯದು. ಉಟ್ಜಾನ್ ಇದ್ದದ್ದು ಡೆನ್ಮಾರ್ಕಿನಲ್ಲಿ. ಎರಡು ದೇಶಗಳ ನಡುವೆ ನಕ್ಷೆಗಳು ಓಡಾಡಿದವು; ಪ್ಯಾರಾಬೋಲ, ದೀರ್ಘಗೋಳ ಎಂದು ವರ್ಷಗಟ್ಟಲೆ ಒಂದೊಂದೇ ಆಕಾರ ಪರೀಕ್ಷೆಗೆ ಬಂತು. ಲೆಕ್ಕಕ್ಕೆ ಆಗಿನ್ನೂ ಹೊಸತಾಗಿದ್ದ ಕಂಪ್ಯೂಟರುಗಳನ್ನೂ ಬಳಸಲಾಯಿತು. ಗಂಟು ಬಿಚ್ಚಿದ್ದು 1961ರಲ್ಲಿ: ಎಲ್ಲ ಚಿಪ್ಪುಗಳನ್ನೂ ಸುಮಾರು 75 ಮೀಟರ್ ತ್ರಿಜ್ಯದ ಒಂದೇ ಗೋಳದ ಮೈಯಿಂದ ಕತ್ತರಿಸಿದ ತುಂಡುಗಳೆಂದು ಭಾವಿಸುವುದು. ಬಾಗು ಎಲ್ಲೆಡೆ ಒಂದೇ ಆದ್ದರಿಂದ ಕೆಲವೇ ಅಚ್ಚುಗಳಲ್ಲಿ ಪಕ್ಕೆಲುಬಿನಂಥ ತೊಲೆಗಳ ತುಂಡುಗಳನ್ನು ಎರಕಹೊಯ್ದು, ಕ್ರೇನಿನಿಂದ ಎತ್ತಿ ಜೋಡಿಸಬಹುದಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಟೈಲ್ಸ್‌ಗಳನ್ನು ನೆಲದ ಮೇಲೆಯೇ ಫಲಕಗಳಾಗಿ ಕೂರಿಸಿ ಮೇಲೇರಿಸಲಾಯಿತು. ಉಪಾಯ ಮೊದಲು ಹೊಳೆದದ್ದು ಯಾರಿಗೆ ಎಂಬ ಚರ್ಚೆ ಇದೆ. ಅದಕ್ಕಿಂತ ಗಮನಿಸಬೇಕಾದದ್ದು, ಎರಡೂ ಕಡೆಯವರು ಬಿಟ್ಟುಕೊಟ್ಟದ್ದನ್ನು: ಉಟ್ಜಾನ್ ತಮ್ಮ ಸ್ವಚ್ಛಂದ ಬಾಗುಗಳನ್ನು ಬಿಟ್ಟರು, ಇಂಜಿನಿಯರುಗಳು ತೆಳುವಾದ ಹಗುರ ಚಿಪ್ಪಿನ ಆಸೆಯನ್ನು ಬಿಟ್ಟು ಭಾರದ ಛಾವಣಿಗೆ ಒಪ್ಪಿದರು.

ಈ ಹೊಂದಾಣಿಕೆ ಒಳಾಂಗಣದವರೆಗೆ ಬಾಳಲಿಲ್ಲ. ಉಟ್ಜಾನ್ ಬಯಸಿದ ಪ್ಲೈವುಡ್ ರಚನೆಗಳ ಬಗ್ಗೆ ಇಂಜಿನಿಯರುಗಳಿಗೆ ಅನುಮಾನವಿತ್ತು. 1965ರಲ್ಲಿ ಬಂದ ಹೊಸ ಸರ್ಕಾರ ಹಣ ಬಿಗಿಹಿಡಿಯಿತು. 1966ರ ಫೆಬ್ರುವರಿಯಲ್ಲಿ ಉಟ್ಜಾನ್ ಹೊರನಡೆದರು, ಅರಪ್ ಸಂಸ್ಥೆ ಉಳಿಯಿತು. ವಾಸ್ತುಶಿಲ್ಪಿ ಪೀಟರ್ ಹಾಲ್ ಮತ್ತು ಸಂಗಡಿಗರು ಕೆಲಸ ಮುಗಿಸಿದರು; 1973ರಲ್ಲಿ ಉದ್ಘಾಟನೆಯಾಯಿತು. 70 ಲಕ್ಷ ಡಾಲರಿನ ಅಂದಾಜು 10.2 ಕೋಟಿಗೆ ಮುಟ್ಟಿತ್ತು. ಪೂರ್ಣಗೊಂಡ ಕಟ್ಟಡವನ್ನು ಉಟ್ಜಾನ್ ಕಣ್ಣಾರೆ ನೋಡಲೇ ಇಲ್ಲ.

ಸಿಡ್ನಿಯ ಗುದ್ದಾಟ ನಡೆಯುತ್ತಿದ್ದಾಗಲೇ, 1963ರಲ್ಲಿ, ಅರಪ್ ಇನ್ನೊಂದು ಪ್ರಯೋಗಕ್ಕೆ ಕೈಹಾಕಿದ್ದರು. ಅರಪ್ ಅಸೋಸಿಯೇಟ್ಸ್ ಎಂಬ ಆ ಹೊಸ ಸಂಸ್ಥೆಯಲ್ಲಿ ವಾಸ್ತುಶಿಲ್ಪಿಗಳು, ಇಂಜಿನಿಯರುಗಳು, ವೆಚ್ಚದ ಅಂದಾಜು ಹಾಕುವವರು ಒಂದೇ ತಂಡವಾಗಿ ಕೆಲಸ ಮಾಡುತ್ತಿದ್ದರು.