ಗಾಳಿ ತಾಗಿದರೆ ಕೆಡುವ ಸಿಲಿಕಾನ್ ಹಾಳೆಗೆ ರಸಾಯನದ ಕವಚ

ಬೆಂಗಳೂರು: ಜಯನಗರ 4ನೇ ಬ್ಲಾಕಿನ ಅಂಗಡಿಯಲ್ಲಿ ಕೊಳ್ಳುವ ಮೊಬೈಲ್ ಆಗಲಿ, ಬಿ.ಟಿ.ಎಂ. ಬಡಾವಣೆಯ ಕಚೇರಿಗಳಲ್ಲಿನ ಗಣಕಯಂತ್ರವಾಗಲಿ, ಅದರ ಜೀವಾಳ ಸಿಲಿಕಾನ್. ಈ ಸಿಲಿಕಾನನ್ನು ಕೇವಲ ಒಂದು ಪರಮಾಣುವಿನಷ್ಟು ದಪ್ಪದ ಹಾಳೆಯಾಗಿಸಿದರೆ ದೊರೆಯುವ ವಸ್ತುವೇ ಸಿಲಿಸೀನ್.

ಇಂತಹ ಹಾಳೆಯ ಅಗತ್ಯವೇನು? ಚಿಪ್‌ಗಳಲ್ಲಿರುವ ಟ್ರಾನ್ಸಿಸ್ಟರ್‌ಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿವೆ. ಕೆಲವೇ ನ್ಯಾನೋಮೀಟರ್ ಅಳತೆಗೆ ಇಳಿದಾಗ ಸಾಮಾನ್ಯ ಸಿಲಿಕಾನ್‌ನಲ್ಲಿ ವಿದ್ಯುತ್ ಸೋರಿಕೆಯನ್ನು ತಡೆಯುವುದು ಕಷ್ಟ. ಪರಮಾಣು ದಪ್ಪದ ಹಾಳೆಯಲ್ಲಿ ವಿದ್ಯುತ್ತಿನ ಮೇಲೆ ಹಿಡಿತ ಸಾಧಿಸುವುದು ಸುಲಭ.

ಇಂಗಾಲದ ಗ್ರಾಫೀನ್ ಹಾಳೆ ಸಮತಟ್ಟಾಗಿರುತ್ತದೆ. ಸಿಲಿಕಾನ್ ಪರಮಾಣು ದೊಡ್ಡದಾದ್ದರಿಂದ ಸಿಲಿಸೀನ್‌ನಲ್ಲಿ ಪರಮಾಣುಗಳು ಒಂದು ಮೇಲೆ, ಒಂದು ಕೆಳಗೆ ಎಂಬಂತೆ ನಿಲ್ಲುತ್ತವೆ. ಇಂತಹ ಹಾಳೆ ಸಾಧ್ಯವೆಂದು ಜಪಾನಿನ ತಕೇದ ಮತ್ತು ಶಿರೈಶಿ 1994ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. 2012ರಲ್ಲಿ ಬೆಳ್ಳಿಯ ಮೇಲ್ಮೈಯಲ್ಲಿ ಅದನ್ನು ಬೆಳೆಸಲಾಯಿತು. 2015ರಲ್ಲಿ ಅಮೆರಿಕ ಮತ್ತು ಇಟಲಿಯ ವಿಜ್ಞಾನಿಗಳು ಅದರಿಂದ ಟ್ರಾನ್ಸಿಸ್ಟರ್ ರೂಪಿಸಿದರು. ಆದರೆ ಗಾಳಿಗೆ ತೆರೆದುಕೊಂಡ ಕೆಲವೇ ನಿಮಿಷಗಳಲ್ಲಿ ಅದು ಕೆಟ್ಟುಹೋಯಿತು.

ಇನ್ನೊಂದು ತೊಡಕೂ ಇದೆ. ಟ್ರಾನ್ಸಿಸ್ಟರ್ ಎಂದರೆ ಸ್ವಿಚ್, ಅದು ಆರಬೇಕು. ಅದಕ್ಕೆ ಎಲೆಕ್ಟ್ರಾನ್‌ಗಳು ದಾಟಬೇಕಾದ 'ಶಕ್ತಿ ಅಂತರ' ಇರಬೇಕು. ಸಾಮಾನ್ಯ ಸಿಲಿಕಾನ್‌ನಲ್ಲಿ ಇದು 1.12 ಎಲೆಕ್ಟ್ರಾನ್ ವೋಲ್ಟ್. ಸಿಲಿಸೀನ್‌ನಲ್ಲಿ ಲೆಕ್ಕಾಚಾರದಂತೆ ಸುಮಾರು 0.0015 ಮಾತ್ರ. ಕೋಣೆಯ ಶಾಖವೇ 0.026ರಷ್ಟು ಶಕ್ತಿ ನೀಡುವುದರಿಂದ ಸ್ವಿಚ್ ಆರುವುದೇ ಇಲ್ಲ.

ಇಲ್ಲಿ ನೆರವಿಗೆ ಬರುವುದು ರಸಾಯನ ವಿಜ್ಞಾನ. ಪ್ರತಿ ಸಿಲಿಕಾನ್ ಪರಮಾಣುವಿಗೂ ಒಂದೊಂದು ಜಲಜನಕ ಅಂಟಿಸಿದರೆ ಆಮ್ಲಜನಕ ಕೂಡಲೇ ಹಿಡಿಯಬಹುದಾದ ಕೈ ಖಾಲಿ ಉಳಿಯುವುದಿಲ್ಲ. ಜೊತೆಗೆ ಶಕ್ತಿ ಅಂತರ ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಅಥವಾ ಅದಕ್ಕೂ ಮಿಗಿಲಾಗುತ್ತದೆಂದು ಲೆಕ್ಕಾಚಾರಗಳು ಹೇಳುತ್ತವೆ. ಜಪಾನಿನ ತಂಡವೊಂದು 2010ರಲ್ಲಿ ಫೀನೈಲ್ ಗುಂಪುಗಳನ್ನು ಜೋಡಿಸಿದ ಸಿಲಿಕಾನ್ ಹಾಳೆಯನ್ನು ವರದಿ ಮಾಡಿತು. ಆದರೆ ಇದಕ್ಕೂ ಬೆಲೆ ತೆರಬೇಕು: ಬರಿಯ ಸಿಲಿಸೀನ್‌ನಲ್ಲಿ ನಿರೀಕ್ಷಿಸಿದ ಎಲೆಕ್ಟ್ರಾನ್‌ಗಳ ಅತಿವೇಗ ಜಲಜನಕ ತುಂಬಿದಾಗ ಉಳಿಯುವುದಿಲ್ಲ.

ಹಾಳೆಯ ಗುಣವನ್ನು ರಸಾಯನದಿಂದ ತಿದ್ದುವ ವಿದ್ಯೆ ಬೆಂಗಳೂರಿಗೆ ಹೊಸತಲ್ಲ. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ಭಾರತರತ್ನ ಪ್ರೊ. ಸಿ.ಎನ್.ಆರ್. ರಾವ್ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಉಮೇಶ್ ವಾಘ್ಮರೆ ಮೊದಲಾದವರೊಂದಿಗೆ 2009ರಲ್ಲಿ ಗ್ರಾಫೀನ್‌ಗೆ ಬೋರಾನ್ ಮತ್ತು ಸಾರಜನಕ ಬೆರೆಸಿ ಅದರ ವಿದ್ಯುತ್ ಗುಣವನ್ನು ಬದಲಿಸಿದರು. 2011ರಲ್ಲಿ ರಾವ್ ಅವರ ತಂಡ ಕೆಲವೇ ಪದರಗಳ ಗ್ರಾಫೀನ್‌ನಲ್ಲಿ ತೂಕದ ಶೇ. 5ರಷ್ಟು ಜಲಜನಕವನ್ನು ಹಿಡಿದಿಟ್ಟು, ಕಾಯಿಸಿದಾಗ ಅದು ಮರಳಿ ಹೊರಬರುವುದನ್ನು ತೋರಿಸಿತು.

ಭಾರತೀಯ ವಿಜ್ಞಾನ ಸಂಸ್ಥೆಯ ಸುಮಾರು 30 ವಿಜ್ಞಾನಿಗಳು ಇಂತಹ ದ್ವಿಆಯಾಮದ ವಸ್ತುಗಳಿಂದ ಚಿಪ್ ತಯಾರಿಸುವ ಪ್ರಸ್ತಾವನೆಯನ್ನು 2022ರಲ್ಲಿ ಕೇಂದ್ರಕ್ಕೆ ಸಲ್ಲಿಸಿ, 2024ರಲ್ಲಿ ಪರಿಷ್ಕರಿಸಿದರು. ಅದರಲ್ಲಿ ಗ್ರಾಫೀನ್ ಮತ್ತಿತರ ವಸ್ತುಗಳಿಗೇ ಪ್ರಾಧಾನ್ಯ. ಸಿಲಿಸೀನ್ ಆ ಸಾಲಿಗೆ ಸೇರಬೇಕಾದರೆ ಗಾಳಿಯನ್ನು ತಡೆಯುವ, ಆದರೆ ಎಲೆಕ್ಟ್ರಾನ್‌ಗಳ ಓಟಕ್ಕೆ ಅಡ್ಡಬಾರದ ಕವಚ ಬೇಕು. ಅದು ದೊರೆತರೆ ಹೊಸ ಹಾಳೆಯೂ ಸಿಲಿಕಾನ್‌ನದೇ ಆದ್ದರಿಂದ ಈಗಿನ ಚಿಪ್ ಕಾರ್ಖಾನೆಗಳು ಅದಕ್ಕೆ ಒಗ್ಗಿಕೊಳ್ಳುವುದು ಸುಲಭವಾದೀತೆಂಬ ನಿರೀಕ್ಷೆ ವಿಜ್ಞಾನಿಗಳದು.