ಬೆಳ್ಳಿತೆರೆಯ ರೋಮ್ ಮತ್ತು ಚರಿತ್ರೆಯ ರೋಮ್

ಪ್ರಾಚೀನ ರೋಮನ್ನು ಕಥಾಭೂಮಿಯಾಗಿ ಉಳ್ಳ ಚಲಚ್ಚಿತ್ರಗಳಲ್ಲಿ ವಿದ್ವಾಂಸರು ಬಹುಕಾಲ ಗಣನೆಗೆ ತಂದುಕೊಳ್ಳದ ವರ್ಗವೊಂದುಂಟು. ಪುರುಷರ ಸಲಿಂಗಪ್ರೇಮವನ್ನು ವಸ್ತುವಾಗಿ ಉಳ್ಳ, ವಯಸ್ಕರಿಗೆಂದೇ ತಯಾರಾದ ಚಿತ್ರಗಳ ವರ್ಗವದು. ೧೯೫೦ರ ದಶಕದಿಂದ ೧೯೮೦ರ ದಶಕದ ಆರಂಭದವರೆಗೆ ಇಂಥ ಚಿತ್ರಗಳನ್ನು ತೆಗೆದವರು ಮತ್ತೆ ಮತ್ತೆ ರೋಮಿನ ಕಡೆಗೆ ತಿರುಗಿದುದೇಕೆ? ಅವರು ಕಂಡ ರೋಮ್ ಚರಿತ್ರೆಯ ರೋಮಿಗೆ ಎಷ್ಟು ಸಮೀಪದ್ದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸುತ್ತೇವೆ.

ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಆ ಕಾಲದ ಕಾನೂನಿನಲ್ಲಿ ಹುಡುಕಬೇಕು. ೧೯೩೪ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದ ಹಾಲಿವುಡ್ ನಿರ್ಮಾಣಸಂಹಿತೆಯು ಸಲಿಂಗಕಾಮದ ಸೂಚನೆಯನ್ನೂ ತೆರೆಯ ಮೇಲೆ ತರಗೊಡುತ್ತಿರಲಿಲ್ಲ. ಈ ನಿಷೇಧವು ೧೯೬೧ರಲ್ಲಿ ಸಡಿಲಗೊಂಡು, ಸಂಹಿತೆಯೇ ೧೯೬೮ರಲ್ಲಿ ತೆರೆಮರೆಗೆ ಸರಿಯಿತು. ಅಮೆರಿಕದಲ್ಲಿ ಸಲಿಂಗಸಂಬಂಧವು ತಾನೇ ಅಪರಾಧವೆನಿಸಿತ್ತು. ಇಲಿನಾಯ್ ಸಂಸ್ಥಾನವು ೧೯೬೨ರಲ್ಲಿ ಮೊದಲು ಅದನ್ನು ಅಪರಾಧಗಳ ಪಟ್ಟಿಯಿಂದ ತೆಗೆಯಿತಾದರೂ, ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಬಂದುದು ೨೦೦೩ರಲ್ಲಿ. ಇಂಗ್ಲೆಂಡಿನಲ್ಲಿ ಕಾನೂನು ಭಾಗಶಃ ಬದಲಾದುದು ೧೯೬೭ರಲ್ಲಿ.

ಇಂಥ ಸನ್ನಿವೇಶದಲ್ಲಿ ಪ್ರಾಚೀನತೆಯೇ ಒಂದು ರಕ್ಷಾಕವಚವಾಯಿತು. ಲಾಸ್ ಏಂಜಲೀಸಿನ ಛಾಯಾಗ್ರಾಹಕ ಬಾಬ್ ಮೈಜರ್ ೧೯೪೫ರಲ್ಲಿ ಅಥ್ಲೆಟಿಕ್ ಮಾಡೆಲ್ ಗಿಲ್ಡ್ ಎಂಬ ಸಂಸ್ಥೆಯನ್ನೂ ೧೯೫೧ರಲ್ಲಿ ಫಿಸೀಕ್ ಪಿಕ್ಟೋರಿಯಲ್ ಎಂಬ ಪತ್ರಿಕೆಯನ್ನೂ ಆರಂಭಿಸಿದನು. ಅವನ ಕಿರುಚಿತ್ರಗಳಲ್ಲಿ ಕೌಪೀನಮಾತ್ರಧಾರಿಗಳಾದ ಯುವಕರು ಮಲ್ಲರಾಗಿಯೂ ಗುಲಾಮರಾಗಿಯೂ ಕಾಣಿಸಿಕೊಂಡರು. ಒಂದು ಶಿರಸ್ತ್ರಾಣ, ಒಂದು ಖಡ್ಗ, ಒಂದು ಕಂಬ, ಇಷ್ಟರಿಂದಲೇ ರೋಮ್ ಸಿದ್ಧವಾಗುತ್ತಿತ್ತು. ಆಕ್ಷೇಪಿಸುವವರಿಗೆ ಅಂಗಸಾಧನೆ ಮತ್ತು ಪ್ರಾಚೀನ ಶಿಲ್ಪಕಲೆಯ ಆದರ್ಶಗಳನ್ನು ಮುಂದಿಡಲು ಅವಕಾಶವಿತ್ತು. ಇದೇ ಬಗೆಯ ದೇಹಚಿತ್ರ ಪತ್ರಿಕೆಗಳನ್ನು ಅಂಚೆಯಲ್ಲಿ ತಡೆಯಲಾಗದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೬೨ರಲ್ಲಿ ತೀರ್ಮಾನಿಸಿತು.

ದೊಡ್ಡ ಚಿತ್ರಸಂಸ್ಥೆಗಳಿಗೆ ಈ ಕವಚವೂ ಸಾಲದಾಯಿತು. ೧೯೬೦ರ ಸ್ಪಾರ್ಟಕಸ್ ಚಿತ್ರದಲ್ಲಿ ಸ್ನಾನಗೃಹದೊಳಗೆ ಕ್ರ್ಯಾಸಸನು ತನ್ನ ಗುಲಾಮ ಆಂಟೊನೈನಸನೊಡನೆ ಭಕ್ಷ್ಯರುಚಿಯ ನೆಪದಲ್ಲಿ ತನ್ನ ಬಯಕೆಯನ್ನು ಸೂಚಿಸುವ ದೃಶ್ಯವೊಂದಿತ್ತು. ಅದನ್ನು ಕತ್ತರಿಸಿಹಾಕಿದರು. ೧೯೯೧ರಲ್ಲಿ ದೃಶ್ಯವನ್ನು ಮರಳಿ ಸೇರಿಸುವ ವೇಳೆಗೆ ಧ್ವನಿಮುದ್ರಣವು ನಷ್ಟವಾಗಿತ್ತು, ನಟ ಲಾರೆನ್ಸ್ ಒಲಿವಿಯರ್ ತೀರಿಕೊಂಡಿದ್ದನು. ಅವನ ಮಾತುಗಳಿಗೆ ಆಂಥೊನಿ ಹಾಪ್ಕಿನ್ಸ್ ಧ್ವನಿಯಿತ್ತನು.

೧೯೭೦ರ ದಶಕದಲ್ಲಿ ಮರೆಯ ಅಗತ್ಯ ಕಡಿಮೆಯಾದರೂ ರೋಮಿನ ಆಕರ್ಷಣೆ ಉಳಿಯಿತು. ೧೯೮೧ರ ಸೆಂಚುರಿಯನ್ಸ್ ಆಫ್ ರೋಮ್ ಎಂಬ ಅಮೆರಿಕದ ವಯಸ್ಕ ಚಿತ್ರವು ಈ ವರ್ಗದಲ್ಲಿ ಹೆಸರಾದುದು. ದಾಸ್ಯಕ್ಕೆ ಸಿಕ್ಕಿದ ತರುಣರ ಕಥೆಯನ್ನು ಅದು ವೇಷಭೂಷಣಗಳ ವೈಭವದೊಡನೆ ಹೇಳುತ್ತದೆ.

ಈಗ ಎರಡನೆಯ ಪ್ರಶ್ನೆ. ಈ ಚಿತ್ರಗಳ ಹಿಂದಿರುವ ನಂಬಿಕೆ, ರೋಮನರು ಸಲಿಂಗಪ್ರೇಮಕ್ಕೆ ನಿರ್ಬಂಧವನ್ನೇ ಅರಿಯದ ಸ್ವಚ್ಛಂದ ಜನ ಎಂಬುದು. ಇದು ಅರ್ಧಸತ್ಯ. ಪುರುಷನೊಬ್ಬನು ಪುರುಷನನ್ನು ಬಯಸುವುದು ಅವರಿಗೆ ವಿಚಿತ್ರವಾಗಿ ತೋರುತ್ತಿರಲಿಲ್ಲ. ಚಕ್ರವರ್ತಿ ಹೇಡ್ರಿಯನ್ ಕ್ರಿ. ಶ. ೧೩೦ರಲ್ಲಿ ನೈಲ್ ನದಿಯಲ್ಲಿ ಮುಳುಗಿ ಸತ್ತ ತನ್ನ ಪ್ರಿಯ ಆಂಟಿನೋಸನ ಹೆಸರಿನಲ್ಲಿ ನಗರವನ್ನೇ ಕಟ್ಟಿಸಿದನು. ಆದರೆ ಅವರ ನೀತಿಯು ಕೇಳುತ್ತಿದ್ದ ಪ್ರಶ್ನೆ ಬೇರೆ: ಆ ಸಂಗಾತಿ ಸ್ವತಂತ್ರ ಪ್ರಜೆಯೋ, ಗುಲಾಮನೋ? ಪೌರನು ಆಳುವವನ ಸ್ಥಾನದಲ್ಲಿದ್ದನೋ, ಒಳಗಾಗುವವನ ಸ್ಥಾನದಲ್ಲಿದ್ದನೋ? ಸ್ವತಂತ್ರ ಕುಲದಲ್ಲಿ ಜನಿಸಿದವನ ದೇಹಕ್ಕೆ ಕಾನೂನಿನ ರಕ್ಷಣೆಯುಂಟು. ಗುಲಾಮನ ದೇಹವಾದರೋ ಒಡೆಯನ ಸ್ವತ್ತು. ಒಪ್ಪುವ ಅಥವಾ ನಿರಾಕರಿಸುವ ಹಕ್ಕೇ ಅವನಿಗಿರಲಿಲ್ಲ.

ಆದುದರಿಂದ ಒಡೆಯನೂ ಗುಲಾಮನೂ ಪರಸ್ಪರ ಒಲಿಯುವ ಕಥೆಯನ್ನು ನೋಡುವಾಗ ಎಚ್ಚರ ಅಗತ್ಯ. ಚರಿತ್ರೆಯಲ್ಲಿ ಬಲಾತ್ಕಾರವಾಗಿದ್ದುದು ಅಲ್ಲಿ ಪ್ರಣಯವಾಗಿಬಿಡುತ್ತದೆ, ಸಂಕೋಲೆಯು ಆಭರಣವಾಗುತ್ತದೆ. ಇದು ಈ ವರ್ಗದ ಚಿತ್ರಗಳ ದೋಷವಷ್ಟೇ ಅಲ್ಲ. ರೋಮನ್ನು ವೈಭವದ ರಂಗಸ್ಥಳವಾಗಿ ಬಳಸಿದ ಅನೇಕ ಪ್ರತಿಷ್ಠಿತ ಚಿತ್ರಗಳಲ್ಲಿಯೂ ದಾಸ್ಯವು ಬರಿಯ ಹಿನ್ನೆಲೆಯಾಗಿದೆ.

ಇದಕ್ಕೆ ಅಪವಾದವೂ ಉಂಟು. ಡೆರೆಕ್ ಜಾರ್ಮನ್ ಮತ್ತು ಪಾಲ್ ಹಂಫ್ರೆಸ್ ೧೯೭೬ರಲ್ಲಿ ನಿರ್ದೇಶಿಸಿದ ಸೆಬಾಸ್ಟಿಯೇನ್ ವಯಸ್ಕ ಚಿತ್ರಗಳ ಮಾರುಕಟ್ಟೆಗೆ ಸೇರಿದುದಲ್ಲ, ಕಲಾಚಿತ್ರ. ಆದರೂ ವಸ್ತುವಿನಲ್ಲಿ ಇವುಗಳ ಸಮೀಪವರ್ತಿ. ಸಾರ್ಡೀನಿಯದಲ್ಲಿ ಚಿತ್ರಿತವಾದ ಅದರ ಸಂಭಾಷಣೆ ಲ್ಯಾಟಿನ್ ಭಾಷೆಯಲ್ಲಿದೆ. ಅಲ್ಲಿ ಸೇನಾನಾಯಕ ಸೆವೆರಸ್ ತನ್ನ ಕೈಕೆಳಗಿನ ಸೈನಿಕ ಸೆಬಾಸ್ಟಿಯನ್ನನನ್ನು ಬಯಸುತ್ತಾನೆ. ನಿರಾಕರಣೆಯನ್ನು ಸಹಿಸಲಾರದೆ ಅವನನ್ನು ಹಿಂಸಿಸುತ್ತಾನೆ. ಬಯಕೆಯ ಕೈಗೆ ಅಧಿಕಾರ ಸಿಕ್ಕಿದರೆ ಏನಾಗುವುದೆಂಬುದನ್ನು ಈ ಚಿತ್ರವು ಮರೆಮಾಡುವುದಿಲ್ಲ. ಆ ಅಂಶದಲ್ಲಿ ಅದು ಚರಿತ್ರೆಯ ರೋಮಿಗೆ ಹೆಚ್ಚು ಹತ್ತಿರದ್ದು.

ಹಾಗಾದರೆ ಉಳಿದ ಚಿತ್ರಗಳಿಗೆ ಬೆಲೆಯಿಲ್ಲವೆ? ಹಾಗೆನ್ನಲಾಗದು. ರೋಮಿನ ವಿಷಯದಲ್ಲಿ ಅವುಗಳ ಸಾಕ್ಷ್ಯ ದುರ್ಬಲವಾದುದು. ಇಪ್ಪತ್ತನೆಯ ಶತಮಾನದ ವಿಷಯದಲ್ಲಿ ಅದು ಅಮೂಲ್ಯವಾದುದು. ತಮ್ಮ ಪ್ರೀತಿಯೇ ಅಪರಾಧವೆನಿಸಿದ ಕಾಲದಲ್ಲಿ ಜನರು ತಾವು ಇಂದು ನಿನ್ನೆ ಹುಟ್ಟಿದವರಲ್ಲ, ತಮಗೂ ಪೂರ್ವಜರುಂಟು ಎಂದು ಧೈರ್ಯ ತಂದುಕೊಳ್ಳಲು ಗತಕಾಲವನ್ನು ಆಶ್ರಯಿಸಿದರು. ಆ ಆಸರೆಯ ಅಗತ್ಯವನ್ನು ಗೌರವಿಸಬೇಕು. ಆದರೆ ಆ ಗತಕಾಲದಲ್ಲಿ ದನಿಯಿಲ್ಲದೆ ನಿಂತಿದ್ದ ಗುಲಾಮನನ್ನು ಮರೆಯಲೂ ಬಾರದು. ಈ ಎರಡನ್ನೂ ಒಟ್ಟಿಗೆ ನೆನಪಿನಲ್ಲಿಟ್ಟುಕೊಂಡು ನೋಡುವ ವಿದ್ಯಾರ್ಥಿಗೆ ಇಂಥ ಚಿತ್ರಗಳು ಎರಡು ಯುಗಗಳ ಪಾಠವನ್ನು ಕಲಿಸಬಲ್ಲುವೆಂದು ನಾವು ಭಾವಿಸುತ್ತೇವೆ.